ಬೋರಲು ರೊಟ್ಟಿ

ಜೋಳದ ರೊಟ್ಟಿಗೆ ಎರಡು ಮೈಗಳಿರುತ್ತವೆ. ತಟ್ಟಿ ಹೆಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರುವ ಮೈ ಒಂದು, ಕಾದ ಹೆಂಚನ್ನು ಮೊದಲು ಮುಟ್ಟುವ ಮೈ ಇನ್ನೊಂದು. ನೀರು ಸವರಿದ್ದು ನುಣುಪಾಗಿ, ತೆಳ್ಳಗೆ ಉಬ್ಬುತ್ತದೆ. ಹೆಂಚಿಗೆ ಮೊದಲು ತಾಗಿದ್ದು ದಪ್ಪಗೆ, ಒರಟಾಗಿ ಉಳಿಯುತ್ತದೆ. ತಿನ್ನುವವರು ಸಾಮಾನ್ಯವಾಗಿ ಈ ಭೇದವನ್ನು ಗಮನಿಸುವುದಿಲ್ಲ. ತಟ್ಟುವವರಿಗೆ ಮಾತ್ರ ಅದು ತಮ್ಮ ಮಕ್ಕಳ ಮುಖದಷ್ಟು ಚೆನ್ನಾಗಿ ಗೊತ್ತಿರುತ್ತದೆ. ನಮ್ಮ ಅವ್ವ ನುಣುಪಾದ ಮೈಯನ್ನು ಮೇಲೆ ಮಾಡಿಯೇ ಬಡಿಸುತ್ತಿದ್ದಳು. ಹೊಳಲ್ಕೆರೆ ಕಡೆಯ ತನ್ನ ತವರಿನಲ್ಲಿ ಕಲಿತ ಕ್ರಮ ಅದು. ಭಿಕ್ಷೆಗೆ ಬಂದವರಿಗೂ ಹಾಗೆಯೇ ಕೊಡುತ್ತಿದ್ದಳು. ಇಷ್ಟು ಸಣ್ಣ ಸಂಗತಿಯಿಂದ ಈ ಅಧ್ಯಾಯವನ್ನು ಆರಂಭಿಸುತ್ತಿರುವುದಕ್ಕೆ ಕಾರಣವಿದೆ. ನಮ್ಮ ಮನೆಯಲ್ಲಿ ನಡೆದ ಅತ್ಯಂತ ದೊಡ್ಡ ಅನಾಹುತ ಈ ಎರಡು ಮೈಗಳ ನಡುವೆಯೇ ನಡೆಯಿತು, ಮತ್ತು ಅದಕ್ಕೆ ಬಾಯಿ ಕೊಟ್ಟವಳು ನಾನು.

ಚಿತ್ರದುರ್ಗದ ಕೋಟೆಯ ಬುಡದ ಓಣಿಯಲ್ಲಿ ನಮ್ಮದು ಒಂದರ ಹಿಂದೆ ಒಂದರಂತೆ ಮೂರು ಕೋಣೆಗಳ ಮಾಳಿಗೆ ಮನೆ. ಮುಂದಿನ ಕೋಣೆ ಅಪ್ಪನದು, ನಡುವಿನದು ಎಲ್ಲರದು, ಹಿಂದಿನ ಅಡುಗೆಕೋಣೆ ಅವ್ವನದು. ಅಪ್ಪ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಫಿಟ್ಟರ್. ಮಿಲ್ಲಿನ ಯಂತ್ರದ ಹಳೆಯ ಪಟ್ಟಾದ ಒಂದು ತುಂಡು, ಎರಡು ಮೊಳದಷ್ಟು ಉದ್ದದ್ದು, ನಡುಮನೆಯ ಮೊಳೆಗೆ ಕ್ಯಾಲೆಂಡರಿನ ಪಕ್ಕದಲ್ಲಿ ತೂಗುತ್ತಿತ್ತು. ಅದು ಅಲ್ಲಿ ಯಾಕಿದೆ ಎಂದು ಬಂದವರಾರೂ ಕೇಳುತ್ತಿರಲಿಲ್ಲ. ಅಪ್ಪ ಕುಡಿಯುತ್ತಿರಲಿಲ್ಲ, ಇಸ್ಪೀಟು ಆಡುತ್ತಿರಲಿಲ್ಲ. ಓಣಿಯಲ್ಲಿ ಅವನಿಗೆ ಒಳ್ಳೆಯ ಹೆಸರಿತ್ತು. ಹೊಡೆಯುವಾಗಲೂ ಅವನ ದನಿ ಏರುತ್ತಿರಲಿಲ್ಲ. ಮೊದಲು ರೇಡಿಯೋ ಜೋರು ಮಾಡುತ್ತಿದ್ದ, ಆಮೇಲೆ ಅಂಗಿಯ ತೋಳನ್ನು ಎರಡು ಮಡಿಕೆ ಮಡಿಚುತ್ತಿದ್ದ. ಆ ಮಡಿಕೆಗಳನ್ನು ನೋಡಿದ ಕೂಡಲೇ ಅವ್ವ ಒಲೆಯ ಮೇಲಿನ ಪಾತ್ರೆಯನ್ನು ಇಳಿಸಿ ಬಿಡುತ್ತಿದ್ದಳು, ಸಾರು ಸೀದೀತೆಂದು. ನಾನು ಹಿತ್ತಲ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಏಟುಗಳನ್ನು ಎಣಿಸುತ್ತಿದ್ದೆ. ಹನ್ನೊಂದಕ್ಕಿಂತ ಹೆಚ್ಚಾದರೆ ಅವ್ವ ಮರುದಿನ ಬಾವಿಕಟ್ಟೆಗೆ ಹೋಗುತ್ತಿರಲಿಲ್ಲ.

ಕಾರಣಗಳು ಯಾವುವೂ ನೆನಪಿನಲ್ಲಿ ಉಳಿಯುವಂಥವಲ್ಲ. ಒಮ್ಮೆ ಸಾರಿಗೆ ಉಪ್ಪು ಕಡಿಮೆಯಾಗಿತ್ತು.

"ಏನೇ, ಉಪ್ಪು ಹಾಕಾಕೆ ಕೈಗೆ ಲಕ್ವ ಹೊಡ್ದೈತೇನು?"

"ಮರ್ತೆ ಕಣ್ರಿ. ಹಾಕ್ಕೊಡ್ತೀನಿ ತಡೀರಿ."

"ಮರ್ತೆ ಅಂತಾಳೆ. ಉಣ್ಣಾಕೆ ಮರ್ತಿದ್ದೀಯಾ ಯಾವತ್ತಾದ್ರೂ?"

ಅಷ್ಟೇ ಮಾತು. ಕಂಚಿನ ತಟ್ಟೆ ಅವ್ವನ ಹುಬ್ಬಿಗೆ ಬಡಿದು, ಗೋಡೆಗೆ ತಾಗಿ, ಗರಗರನೆ ತಿರುಗುತ್ತ ನನ್ನ ಕಾಲ ಬಳಿ ಬಂದು ನಿಂತಿತು. ಅವ್ವನ ಹುಬ್ಬಿನಿಂದ ರಕ್ತ ಮೂಗಿನ ಪಕ್ಕಕ್ಕೆ ಇಳಿಯಿತು. ಅವಳು ಸೆರಗಿನಿಂದ ಮೊದಲು ಒರೆಸಿದ್ದು ಗೋಡೆಯ ಮೇಲಿನ ಸಾರನ್ನು.

ಇಂಥ ಮನೆಗೆ ಕ್ಲೇರ್ ಬಂದಳು. ಅವಳು ಫ್ರಾನ್ಸ್ ದೇಶದವಳು. ಚಂದ್ರವಳ್ಳಿಯ ಗುಹೆಗಳ ಬಗ್ಗೆ ಪ್ರಬಂಧ ಬರೆಯಲು ಬಂದಿದ್ದಳು. ಮಾಳಿಗೆಯ ಮೇಲೆ ಶೀಟು ಹೊದಿಸಿದ ಒಂದು ಕೋಣೆಯಿತ್ತು. ಕಾಲೇಜಿನ ಅಧ್ಯಾಪಕರೊಬ್ಬರು ಕೇಳಿದಾಗ ಅಪ್ಪ ತಕ್ಷಣ ಒಪ್ಪಿಕೊಂಡ. ಬಾಡಿಗೆಗಿಂತ ಹೆಚ್ಚಾಗಿ, ಮಿಲ್ಲಿನಲ್ಲಿ ಹೇಳಿಕೊಳ್ಳಲು ಅವನಿಗೆ ಅದೊಂದು ವಿಷಯವಾಯಿತು. ನಲವತ್ತರ ಆಸುಪಾಸಿನ, ಎತ್ತರದ, ಬಿಸಿಲಿಗೆ ಕೆಂಪಾದ ಹೆಂಗಸು. ಕನ್ನಡವನ್ನು ಪುಸ್ತಕದಿಂದ ಕಲಿತಿದ್ದಳು. ಓಣಿಯವರೆಲ್ಲ "ಹೋಗಾಣ ಬಾ" ಎನ್ನುವಲ್ಲಿ ಅವಳು "ನಾವು ಈಗ ಹೊರಡೋಣವೇ?" ಎನ್ನುತ್ತಿದ್ದಳು. ನಾನಾಗ ಎಂಟನೆಯ ತರಗತಿ. ಮನೆಯಲ್ಲಿ ಅಕ್ಷರ ಬಲ್ಲವಳು ನಾನೊಬ್ಬಳೇ ಎನ್ನಬಹುದು. ಅಪ್ಪನಿಗೆ ಸಹಿ ಬರುತ್ತಿತ್ತು, ಅವ್ವನಿಗೆ ಅದೂ ಇಲ್ಲ. ಪೂರ್ಣವಾದ ವಾಕ್ಯಗಳಲ್ಲಿ ಮಾತನಾಡುವ ಮನುಷ್ಯರನ್ನು ನಾನು ಮೊದಲು ಕಂಡದ್ದು ಅವಳಲ್ಲಿ, ಮತ್ತು ಆ ವಾಕ್ಯಗಳು ಪಟ್ಟಾದ ಸದ್ದಿನಿಂದ ಬಹಳ ದೂರದ ಯಾವುದೋ ಊರಿಗೆ ಸೇರಿದವೆಂದು ನನಗೆ ಅನಿಸಿತು. ಸಂಜೆ ಶಾಲೆ ಬಿಟ್ಟ ಕೂಡಲೇ ಮಾಳಿಗೆ ಹತ್ತುತ್ತಿದ್ದೆ. ಅವಳು ಫ್ರೆಂಚ್ ಮಾತುಗಳನ್ನು ಹೇಳುತ್ತಿದ್ದಳು, ನಾನು ಕನ್ನಡದ ಅಕ್ಷರಗಳಲ್ಲಿ ಒಂದು ನೋಟುಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದೆ: ಬೊಂಜೂರ್ ಎಂದರೆ ನಮಸ್ಕಾರ, ಮೆರ್ಸಿ ಎಂದರೆ ಧನ್ಯವಾದ, ಪಾರ್ದೋ ಎಂದರೆ ಕ್ಷಮಿಸಿ. ಮೂಗಿನಲ್ಲಿ ನಿಲ್ಲುವ ದನಿಗಳಿಗೆ ನಮ್ಮಲ್ಲಿ ಅಕ್ಷರವಿಲ್ಲವಾದ್ದರಿಂದ ಅವುಗಳ ತಲೆಯ ಮೇಲೆ ಒಂದು ಚುಕ್ಕೆ ಇಡುತ್ತಿದ್ದೆ.

ಭಾನುವಾರದ ಮಧ್ಯಾಹ್ನದ ಊಟ ಅವಳಿಗೆ ನಮ್ಮಲ್ಲಿಯೇ. ಮೊದಲ ಭಾನುವಾರವೇ ಒಂದು ಬಿಕ್ಕಟ್ಟು ಎದುರಾಯಿತು. ಅವಳ ದೇಶದಲ್ಲಿ ಎಲ್ಲರೂ ಕುಳಿತ ಮೇಲೆಯೇ, ಅಡುಗೆ ಮಾಡಿದವರೂ ಕುಳಿತ ಮೇಲೆಯೇ ತುತ್ತು ಎತ್ತುವುದಂತೆ. ಅವಳು ತಟ್ಟೆಯ ಮುಂದೆ ಕೈಕಟ್ಟಿ ಕುಳಿತಳು.

"ಮಾಡ್ರಿ ಮೇಡಂ, ಆರೋಗ್ತೈತೆ," ಎಂದ ಅಪ್ಪ.

"ಅವರು ಕುಳಿತುಕೊಳ್ಳಬೇಕು. ನಾನು ಕಾಯುತ್ತೇನೆ."

"ನಮ್ಮಲ್ಲಿ ಹೆಂಗಸ್ರು ಆಮೇಲೆ ಉಣ್ತಾರೆ ಮೇಡಂ. ಹಂಗೆ ಪದ್ಧತಿ."

"ನನ್ನ ಅಜ್ಜಿ ನನ್ನನ್ನು ಬೈಯುತ್ತಾಳೆ," ಎಂದಳು ಕ್ಲೇರ್, ನಗುತ್ತ, ಆದರೆ ಕೈ ಬಿಚ್ಚದೆ.

ಅಪ್ಪ ಅವ್ವನ ಕಡೆ ನೋಡಿ ಗದ್ದ ಆಡಿಸಿದ. ಅವ್ವ ಒಂದು ತಟ್ಟೆ ಹಿಡಿದುಕೊಂಡು, ಗಂಡನ ಸಾಲಿನಲ್ಲಿ, ಮದುವೆಯಾದ ಮೇಲೆ ಮೊದಲ ಬಾರಿಗೆ ಕುಳಿತಳು. ಕುಳಿತಳು ಎನ್ನುವುದು ಪೂರ್ತಿ ಸರಿಯಲ್ಲ. ಒಂದು ಮಂಡಿ ಮೇಲೆತ್ತಿಕೊಂಡು, ಕರೆದ ಕೂಡಲೇ ಏಳುವಂತೆ ಕುಕ್ಕರಿಸಿದ್ದಳು. ಅಂದು ಕ್ಲೇರ್ ಮೇಲೆ ಹೋದ ಮೇಲೆ ರೇಡಿಯೋ ಜೋರಾಯಿತು. ನನ್ನ ಎಣಿಕೆ ಒಂಬತ್ತಕ್ಕೆ ನಿಂತಿತು.

ಶೀಟಿನ ಕೋಣೆಯಿಂದ ಕೆಳಗಿನದೆಲ್ಲ ಕೇಳುತ್ತಿತ್ತು. ಕ್ಲೇರ್ ಒಮ್ಮೆ, ಅಪ್ಪ ಇಲ್ಲದ ವೇಳೆ, ಅಡುಗೆಕೋಣೆಯ ಬಾಗಿಲಲ್ಲಿ ನಿಂತು, ತನ್ನೊಡನೆ ಪೊಲೀಸ್ ಠಾಣೆಗೆ ಬರುವಿರಾ ಎಂದು ಅವ್ವನನ್ನು ಕೇಳಿದಳು. ಅವ್ವ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

"ನೀವು ಒಂದಿನ ನಿಮ್ಮೂರಿಗೆ ಹೋಗ್ತೀರಿ ತಾಯಿ. ಠಾಣೆಯಿಂದ ನಾನು ಎಲ್ಲಿಗೆ ವಾಪಸ್ ಬರ್ಲಿ? ಇಲ್ಲಿಗೇ ತಾನೆ?"

ಮೊದಲು ಹೇಳಿದ ಆ ಉಪ್ಪಿನ ಜಗಳ ನಡೆದದ್ದು ಕ್ಲೇರ್ ಬಂದು ಕೆಲವು ತಿಂಗಳಾದ ಮೇಲೆ; ಕಂಚಿನ ತಟ್ಟೆ ಹುಬ್ಬಿಗೆ ಬಡಿದ ಮರುದಿನ ಅವಳು ಬೇಕರಿಯಿಂದ ಒಂದು ಬ್ರೆಡ್ಡು ತಂದಳು. ಅವ್ವನಿಗೆ ಅಂದು ಅಡುಗೆಯ ಕೆಲಸ ಕಡಿಮೆಯಾಗಲಿ ಎಂದಿರಬೇಕು. ನಾನು ಅದನ್ನು ಅವಳ ಕೈಯಿಂದ ತೆಗೆದುಕೊಂಡು ಹಲಗೆಯ ಮೇಲಿಟ್ಟೆ. ಇಟ್ಟದ್ದು ಬೋರಲಾಗಿತ್ತು. ಅವಳು ಬೆಚ್ಚಿಬಿದ್ದವಳಂತೆ ಕೈ ಚಾಚಿ ಅದನ್ನು ಸರಿಯಾಗಿ ಮಗುಚಿಟ್ಟಳು. ಯಾಕೆಂದು ಕೇಳಿದೆ. ಅವಳ ಕನ್ನಡ ಮುಗಿದಲ್ಲಿ ಇಂಗ್ಲಿಷ್, ಅದು ನನಗೆ ಮುಗಿದಲ್ಲಿ ಕೈಸನ್ನೆ. ಹೀಗೆ ಹೇಳಿದ್ದನ್ನು ನಾನು ಅವ್ವನಿಗೆ ಬಿಡಿಸಿ ಬಿಡಿಸಿ ಹೇಳಿದೆ. ಹಿಂದೆ ಅವರ ಊರುಗಳಲ್ಲಿ ರಾಜನ ಅಪ್ಪಣೆಯಂತೆ ಜನರ ತಲೆ ಕಡಿಯುವ ಒಬ್ಬ ಆಳು ಇರುತ್ತಿದ್ದನಂತೆ. ಅವನಿಗೂ ಹಸಿವಾಗುತ್ತದಲ್ಲವೇ, ರೊಟ್ಟಿ ಸುಡುವವನು ಅವನ ಪಾಲಿನದನ್ನು ಕೊಡಲೇಬೇಕು. ಆದರೆ ಅದನ್ನು ಬೇರೆಯವರ ರೊಟ್ಟಿಯೊಡನೆ ಬೆರೆಸದೆ, ಬೋರಲು ಹಾಕಿ ಬದಿಗಿಡುತ್ತಿದ್ದನಂತೆ. ಬೋರಲಿದ್ದದ್ದನ್ನು ಊರಿನಲ್ಲಿ ಮತ್ತಾರೂ ಮುಟ್ಟುತ್ತಿರಲಿಲ್ಲ. ಆ ಆಳುಗಳ ಕಾಲ ಮುಗಿದು ಎಷ್ಟೋ ಆದರೂ, ಊಟದ ಮೇಜಿನ ಮೇಲೆ ಬ್ರೆಡ್ಡು ಬೋರಲು ಬಿದ್ದರೆ ಕ್ಲೇರಳ ಅಜ್ಜಿ ಈಗಲೂ ಎದ್ದು ಬಂದು ಮಗುಚುತ್ತಾಳಂತೆ. ಆ ರೊಟ್ಟಿಯ ಹೆಸರನ್ನೂ ಹೇಳಿದಳು. ನಾನು ಬರೆದುಕೊಂಡೆ: ಪ್ಯಾಂ ದ್ಯು ಬುರೋ, ತಲೆ ಕಡಿಯುವವನ ರೊಟ್ಟಿ.

ಹುಬ್ಬಿಗೆ ಅರಿಶಿನ ಮೆತ್ತಿಕೊಂಡಿದ್ದ ಅವ್ವ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದಳು.

"ಕಡಿಯೋನು ಅದನ್ನ ತಿಂತಿದ್ನಂತಾ?"

ಕ್ಲೇರ್ ತಲೆಯಾಡಿಸಿದಳು. ತಿನ್ನುತ್ತಿದ್ದ.

ಅದಾದ ಒಂದು ವಾರಕ್ಕೆ, ನನ್ನ ಫೀಸಿನ ಮಾತು ಎತ್ತಿದ್ದಕ್ಕೋ ಏನೋ, ಅಪ್ಪ ಅವ್ವನ ಜಡೆಯನ್ನು ಕೈಗೆ ಸುತ್ತಿಕೊಂಡು ಅಡುಗೆಕೋಣೆಯ ಹೊಸ್ತಿಲಿಗೆ ತಲೆ ಜಜ್ಜಿದ. ಮರುದಿನ ಬೆಳಿಗ್ಗೆ ಅವನು ಮಿಲ್ಲಿಗೆ ಹೊರಡುವ ಮುನ್ನ ಎಂದಿನಂತೆ ಉಣ್ಣಲು ಕುಳಿತ. ಅವ್ವ ಹೆಂಚಿನಿಂದ ರೊಟ್ಟಿ ತೆಗೆದಳು, ಕೆಂಡದ ಮೇಲೆ ಉಬ್ಬಿಸಿದಳು, ಅಂಗೈಯಲ್ಲಿ ಒಮ್ಮೆ ನೋಡಿದಳು. ಬಳಿಕ, ಒರಟು ಮೈ ಮೇಲೆ ಬರುವಂತೆ ತಿರುಗಿಸಿ ಅಪ್ಪನ ತಟ್ಟೆಗೆ ಹಾಕಿದಳು. ಹಾಕಿ ನನ್ನ ಕಡೆ ನೋಡಿದಳು. ಅವಳ ಮುಖದಲ್ಲಿ ನಾನು ಎಂದೂ ಕಾಣದ ಒಂದು ಶಾಂತಿ ಇತ್ತು. ಅಪ್ಪ ಮುರಿದು, ಪಲ್ಯ ಸುತ್ತಿ, ತಿಂದು ಎದ್ದು ಹೋದ.

"ಬಾಯಿ ಬಿಟ್ಟೀಯ," ಎಂದಳು ಅವ್ವ. "ನಿನ್ನ ಕಾಲಿಗೆ ಬೀಳ್ತೀನಿ, ಯಾರ ಹತ್ರನೂ ಬಾಯಿ ಬಿಡಬ್ಯಾಡ."

ತಾಯಿಯಾದವಳು ಮಗಳಿಗೆ ಆಡುವ ಮಾತಲ್ಲ ಅದು. ನಾನು ಅವಳ ಕೈ ಹಿಡಿದು ಆಣೆ ಮಾಡಿದೆ.

ಮುಂದಿನ ಏಳೆಂಟು ತಿಂಗಳು ಅಪ್ಪ ದಿನವೂ ಬೋರಲು ರೊಟ್ಟಿ ತಿಂದ. ಹೊಡೆತಗಳು ಕಡಿಮೆಯಾದವೆಂದು ಹೇಳಿದರೆ ಸುಳ್ಳಾಗುತ್ತದೆ, ಹೆಚ್ಚೇ ಆದವು. ಒಂದು ಸಲ ಅವ್ವನ ಎರಡು ಹಲ್ಲು ಹೋದವು. ಇನ್ನೊಂದು ಸಲ ಅಡ್ಡ ಬಂದ ನನ್ನ ಕೆನ್ನೆಯ ಮೇಲೆ ಪಟ್ಟಾ ಬಿದ್ದು ಎಡಗಿವಿ ಒಂದು ವಾರ ಜೀರುಂಡೆಯಂತೆ ಕೂಗುತ್ತಿತ್ತು. ಆದರೆ ಅವ್ವ ಬದಲಾಗಿದ್ದಳು. ಮೊದಲು ಹೊಡೆತ ತಿಂದ ದಿನ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಈಗ ಎದ್ದು ಮುಖ ತೊಳೆದು, ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಪ್ರತಿ ಬೆಳಿಗ್ಗೆ ಅವಳಿಗೆ ಮಾತ್ರ ಕೇಳಿಸುವಂತೆ ಒಂದು ತೀರ್ಪು ಓದಲಾಗುತ್ತಿತ್ತು, ಮತ್ತು ಅಪರಾಧಿ ಅದನ್ನು ತಿಂದು ಕೈ ತೊಳೆಯುತ್ತಿದ್ದ. ಕ್ಲೇರ್ ಇದನ್ನು ಒಂದು ಭಾನುವಾರ ಗಮನಿಸಿದಳು. ಅಪ್ಪನ ತಟ್ಟೆಯನ್ನು ನೋಡಿ, ಅವ್ವನನ್ನು ನೋಡಿ, ತನ್ನ ತುತ್ತನ್ನು ಬಹಳ ಹೊತ್ತು ಅಗಿದಳು.

ಅವಳು ಊರಿಗೆ ಹೊರಡುವ ದಿನ ಅಪ್ಪ ಬೀಳ್ಕೊಡುಗೆಯ ಊಟ ಇಟ್ಟುಕೊಂಡ. ಮಿಲ್ಲಿನ ರೈಟರ್ ರುದ್ರಣ್ಣನನ್ನೂ ಕರೆದಿದ್ದ. ಮೇಡಮ್ಮರನ್ನು ಬಸ್ ನಿಲ್ದಾಣಕ್ಕೆ ಕರೆದೊಯ್ಯಲು ಅವನ ಸ್ನೇಹಿತನೊಬ್ಬನ ಕಾರಿತ್ತು. ಕ್ಲೇರಳ ಪದ್ಧತಿಯಂತೆ ಐವರೂ ಒಂದೇ ಸಾಲಿನಲ್ಲಿ ಕುಳಿತೆವು: ರುದ್ರಣ್ಣ, ಅಪ್ಪ, ಕ್ಲೇರ್, ನಾನು, ಕೊನೆಗೆ ಅವ್ವ. ಐದು ತಟ್ಟೆಗಳಲ್ಲಿ ಐದು ರೊಟ್ಟಿ. ರುದ್ರಣ್ಣ ನಗಿಸುವ ಮನುಷ್ಯ.

"ಏನಮ್ಮ ಗಿರಿಜಾ, ವರ್ಷ ಪೂರ್ತಿ ಮೇಡಮ್ಮರ ಹಿಂದೆ ತಿರುಗಿದ್ಯಲ್ಲ, ಏನ್ ಕಲ್ತೆ?"

"ಬೊಂಜೂರ್ ಮೊಸ್ಯೂ," ಎಂದೆ.

"ಅಷ್ಟೇನಾ? ನಮ್ಮನೆ ಗಿಣಿಗೆ ಒಂದು ವಾರ ಹೇಳ್ಕೊಟ್ರೆ ಅದೂ ಅಂತೈತೆ ಬೊಂಜೂರು. ಅದಕ್ಕೆ ನೋಟ್‌ಬುಕ್ಕೂ ಬೇಡ."

ಎಲ್ಲರೂ ನಕ್ಕರು. ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕು, "ಹೆಣ್ಮಕ್ಳಿಗೆ ಓದು ಹತ್ತೋದು ಅಷ್ಟರಲ್ಲೇ ಐತೆ ಬಿಡು ರುದ್ರಣ್ಣ. ಮುಂದಿನ ವರ್ಷ ಬಿಡಿಸ್ತೀನಿ," ಎಂದ.

ಅಂದಿನ ನನ್ನ ಮನಸ್ಸನ್ನು ನಾನು ಎಷ್ಟೋ ವರ್ಷ ವಿಚಾರಣೆ ಮಾಡಿದ್ದೇನೆ. ಶಾಲೆ ಬಿಡಿಸುತ್ತಾರೆಂಬ ಭಯವಿತ್ತು, ನಿಜ. ಗಿಣಿಯ ಮಾತಿನ ಅವಮಾನವಿತ್ತು. ಆದರೆ ಅವೆರಡಕ್ಕಿಂತ ಬಲವಾಗಿ, ನನಗೆ ಗೊತ್ತಿರುವುದು ಇವರಾರಿಗೂ ಗೊತ್ತಿಲ್ಲ ಎಂಬ ಸೊಕ್ಕಿತ್ತು. ನಾನು ಬೆನ್ನು ನೆಟ್ಟಗೆ ಮಾಡಿ, ತರಗತಿಯಲ್ಲಿ ಪಾಠ ಒಪ್ಪಿಸುವಂತೆ, ರೊಟ್ಟಿಯ ಕಥೆಯನ್ನು ಹೇಳಿದೆ. ರಾಜ, ಆಳು, ರೊಟ್ಟಿ ಸುಡುವವನು, ಬೋರಲು. ಒಂದು ತಪ್ಪೂ ಇಲ್ಲದೆ ಹೇಳಿದೆ. ಕೊನೆಯಲ್ಲಿ ಫ್ರೆಂಚ್ ಹೆಸರನ್ನೂ ಹೇಳಿದೆ. ಕ್ಲೇರ್ ನನ್ನ ಮೊಣಕೈ ಹಿಡಿದು ಅದುಮುತ್ತಿದ್ದಳು; ಅದನ್ನು ಮೆಚ್ಚುಗೆ ಎಂದುಕೊಂಡೆ. ಅವ್ವನ ತಟ್ಟೆಯ ಬಳಿ ಲೋಟ ಉರುಳಿದ ಸದ್ದು ಕೇಳಿದ ಮೇಲೆಯೇ ನಾನು ಆಣೆ ಮಾಡಿದ್ದು ನೆನಪಾದದ್ದು.

"ಆಹಾ! ಅಂದ್ರೆ ತಲೆ ಕಡಿಯೋನಿಗೆ ಊಟದಲ್ಲೇ ಮರ್ಯಾದೆ ತೆಗೀತಿದ್ರು ಅನ್ನು," ಎಂದ ರುದ್ರಣ್ಣ.

ಅಪ್ಪ ತನ್ನ ತಟ್ಟೆಯನ್ನು ನೋಡಿದ. ಎಡಕ್ಕೆ ರುದ್ರಣ್ಣನ ತಟ್ಟೆ, ಬಲಕ್ಕೆ ಕ್ಲೇರಳದು, ನನ್ನದು, ಅವ್ವನದು. ನಾಲ್ಕು ನುಣುಪಾದ ರೊಟ್ಟಿಗಳು. ಅವನು ಜೋಳ ತಿನ್ನುವ ಮನೆಯಲ್ಲಿ, ಒಲೆಯ ಮುಂದೆ ತಾಯಿಯ ಪಕ್ಕದಲ್ಲಿ ಬೆಳೆದವನು. ಒಮ್ಮೆ ನೋಡಬೇಕೆನಿಸಿದ ಮೇಲೆ ಕಾಣದಿರುವಂಥದ್ದಲ್ಲ. ಎರಡು ಬೆರಳಿನಿಂದ ತನ್ನ ರೊಟ್ಟಿಯ ಅಂಚನ್ನು ಎತ್ತಿ ಅಡಿಯನ್ನು ನೋಡಿದ. ಮೆಲ್ಲಗೆ ಮಗುಚಿ ಹಾಕಿದ.

"ಬಾಳ ಚೆನ್ನಾಗೈತೆ ಕಥೆ," ಎಂದ. "ಉಣ್ರಿ ಮೇಡಂ. ರುದ್ರಣ್ಣ, ಇನ್ನೊಂದು ಹಾಕಿಸ್ಕ."

ಊಟ ಮುಗಿಯಿತು. ರುದ್ರಣ್ಣ ಕಾರು ತರಲು ಹೋದ. ಕ್ಲೇರ್ ಮೇಲಿನಿಂದ ತನ್ನ ಚೀಲಗಳನ್ನು ತರಲು ಮೆಟ್ಟಿಲು ಹತ್ತಿದಳು. ಅಪ್ಪ ನಡುಮನೆಯ ಬಾಗಿಲಿನ ಅಗುಳಿ ಹಾಕಿದ. ಅಂದು ರೇಡಿಯೋ ಹಾಕಲಿಲ್ಲ, ತೋಳು ಮಡಿಚಲಿಲ್ಲ, ಮೊಳೆಯ ಮೇಲಿನ ಪಟ್ಟಾವನ್ನೂ ತೆಗೆಯಲಿಲ್ಲ. ಅವ್ವನ ಬಲಗೈಯ ಮಣಿಕಟ್ಟು ಹಿಡಿದು ಅಡುಗೆಕೋಣೆಗೆ ಎಳೆದೊಯ್ದ.

"ಯಾವ ಕೈಯಲ್ಲಿ ಹಾಕ್ದೆ?"

ಅವ್ವ ಆ ಕೈಯ ಮುಷ್ಟಿ ಬಿಗಿದಳು.

"ಎಷ್ಟು ದಿನದಿಂದ? ಹೇಳು. ನಾನು ಕಟುಕ ಏನೇ? ನಿನಗೆ ಅನ್ನ ಹಾಕಿದ ನಾನು ಕಟುಕ?"

ಆಗ ಅವ್ವ ಹೇಳಿದಳು. ಅವಳು ಅಪ್ಪನಿಗೆ ಎದುರು ಆಡಿದ ಮಾತುಗಳಲ್ಲಿ ನಾನು ಕೇಳಿದ್ದು ಅದೊಂದನ್ನೇ.

"ಹೌದು."

ಅಪ್ಪ ಅವಳ ಕೈಯನ್ನು ಒಲೆಯ ಕಟ್ಟೆಯ ಮೇಲೆ ಚಾಚಿ ಹಿಡಿದು, ರೊಟ್ಟಿ ತಟ್ಟುವ ಮರದ ಹಲಗೆಯನ್ನು ಎತ್ತಿ, ಅದರ ಅಂಚಿನಿಂದ ಮಣಿಕಟ್ಟಿನ ಮೇಲೆ ಹೊಡೆದ. ಎರಡನೆಯ ಏಟಿಗೆ ಒಣಗಿದ ತೊಗರಿಕಡ್ಡಿ ಮುರಿದಂಥ ಸದ್ದಾಯಿತು. ಮೂರನೆಯದಕ್ಕೆ ಹಲಗೆ ಸೀಳಿತು. ನಾನು ಅವನ ಕಾಲನ್ನು ತಬ್ಬಿಕೊಂಡು ಕಚ್ಚಿದೆ. ಬಾಯಲ್ಲಿ ಉಪ್ಪು ರಕ್ತ ಬಂತು. ಅವನು ಇನ್ನೊಂದು ಕಾಲಿನಿಂದ ನನ್ನ ಹೊಟ್ಟೆಗೆ ಒದ್ದ. ನಡುಮನೆಯ ಬಾಗಿಲನ್ನು ಕ್ಲೇರ್ ಹೊರಗಿನಿಂದ ಬಡಿಯುತ್ತಿದ್ದಳು. ಪುಸ್ತಕದ ಕನ್ನಡ ಅವಳನ್ನು ಬಿಟ್ಟುಹೋಗಿತ್ತು. ತನ್ನ ಭಾಷೆಯಲ್ಲಿ ಕಿರುಚುತ್ತಿದ್ದಳು. ಅದು ನಾನು ಒಂದು ವರ್ಷ ಕಲಿತ ಭಾಷೆ. ಅದರಲ್ಲಿ ನನಗೆ ಒಂದು ಪದವೂ ಅರ್ಥವಾಗಲಿಲ್ಲ. ನಾನು ತೆವಳಿಕೊಂಡು ಹೋಗಿ ಅಗುಳಿ ತೆಗೆದೆ.

ಬಸ್ ನಿಲ್ದಾಣಕ್ಕೆಂದು ಬಂದಿದ್ದ ಕಾರಿನಲ್ಲಿ ಅವ್ವನನ್ನು ಆಸ್ಪತ್ರೆಗೆ ಕರೆದೊಯ್ದೆವು. ರುದ್ರಣ್ಣ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದ. ಹೇಗಾಯಿತೆಂದು ಡಾಕ್ಟರು ಕೇಳಿದರು. ಬಚ್ಚಲಲ್ಲಿ ಜಾರಿ ಬಿದ್ದೆ ಎಂದಳು ಅವ್ವ. "ಇಲ್ಲ, ಇದು ಸುಳ್ಳು," ಎಂದಳು ಕ್ಲೇರ್. ಡಾಕ್ಟರು ಇಬ್ಬರನ್ನೂ ಬಿಟ್ಟು ನನ್ನ ಕಡೆ ತಿರುಗಿದರು.

"ನೀನು ಹೇಳಮ್ಮ. ಓದೋ ಹುಡುಗಿ ನೀನು."

"ಜಾರಿ ಬಿದ್ಲು," ಎಂದೆ.

ಅವ್ವ ಕಣ್ಣು ಮುಚ್ಚಿದಳು. ಅದು ಸಮಾಧಾನಕ್ಕೋ ನೋವಿಗೋ ಇಂದಿಗೂ ನನಗೆ ತಿಳಿಯದು. ಕ್ಲೇರ್ ಮರುದಿನದ ಬಸ್ಸಿಗೆ ಹೋದಳು. ಹೋಗುವಾಗ ನನ್ನ ಎರಡೂ ಕೆನ್ನೆಗಳಿಗೆ ಅವರ ರೀತಿಯಲ್ಲಿ ಮುತ್ತು ಕೊಟ್ಟಳು. ನಾನು ಕಲ್ಲಿನಂತೆ ನಿಂತಿದ್ದೆ. ನೋಟುಪುಸ್ತಕವನ್ನು ಬಚ್ಚಲ ಒಲೆಗೆ ಹಾಕಿದೆ. ಅವ್ವನ ಮೂಳೆ ಓರೆಯಾಗಿ ಕೂಡಿಕೊಂಡಿತು. ನನ್ನ ಓದನ್ನು ಅಪ್ಪ ಬಿಡಿಸಲಿಲ್ಲ. ಅವ್ವನ ಕೈ ನೋಡಿದಾಗಲೆಲ್ಲ ಅವನ ನೋಟ ಬೇರೆ ಕಡೆಗೆ ಹೋಗುತ್ತಿತ್ತು. ಆಮೇಲೆ ಅವನು ಹೊಡೆದದ್ದು ವಿರಳ. ಒಂದು ದಿನ ಮಿಲ್ಲಿನಲ್ಲಿಯೇ ಎದೆ ಹಿಡಿದುಕೊಂಡು ಕುಸಿದು ಸತ್ತ. ನಾನು ನಮ್ಮ ವಂಶದಲ್ಲಿ ಮೊದಲ ಪದವೀಧರೆಯಾದೆ, ಶಿಕ್ಷಕಿಯಾದೆ. ಮಾತನಾಡುವ ಮುನ್ನ ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲಿ ಒಮ್ಮೆ ಬರೆದು ನೋಡುವ ಅಭ್ಯಾಸ ನನಗಿದೆ. ಸಹೋದ್ಯೋಗಿಗಳು ಇದನ್ನು ಪಾಂಡಿತ್ಯವೆಂದು ಭಾವಿಸಿದ್ದಾರೆ.

ಈಗ ನಾವು ಹೊಸದುರ್ಗದಲ್ಲಿದ್ದೇವೆ. ಮನೆಯವರ ಕೆಲಸ ಹಿರಿಯೂರಿನಲ್ಲಿ, ಶನಿವಾರ ಬರುತ್ತಾರೆ. ಅವ್ವ ನನ್ನೊಡನಿದ್ದಾಳೆ, ಎಡಗೈಯಲ್ಲಿ ತಟ್ಟುವುದನ್ನು ರೂಢಿಸಿಕೊಂಡು ದಿನಕ್ಕೆ ನಾಲ್ಕು ಪುಟ್ಟ ರೊಟ್ಟಿ ಮಾಡುತ್ತಾಳೆ. ಕಳೆದ ತಿಂಗಳು, ಒಂಬತ್ತು ವರ್ಷದ ನನ್ನ ಮಗಳು ನಿತ್ಯಾ ಕಡಿಮೆ ಅಂಕ ಬಂದ ಉತ್ತರಪತ್ರಿಕೆಗೆ ನನ್ನ ಸಹಿಯನ್ನು ತಾನೇ ಹಾಕಿ ಶಾಲೆಗೆ ಕೊಟ್ಟಿದ್ದಳು. ಅವಳ ಶಿಕ್ಷಕಿ ನನಗೆ ಪರಿಚಯದವರು, ಕರೆದು ತೋರಿಸಿದರು. ಮನೆಗೆ ಬಂದವಳೇ ಮರದ ಅಡಿಕೋಲು ತೆಗೆದುಕೊಂಡೆ. ಮೊದಲ ಏಟು ಅಂಗೈಗೆ. ಅವಳು ಕೈ ಹಿಂದಕ್ಕೆಳೆದಳು. ಎಳೆದದ್ದಕ್ಕೆ ತೋಳಿಗೆ, ತೊಡೆಗೆ, ಬೆನ್ನಿಗೆ. ಅವಳು ಮಂಚದ ಅಡಿ ನುಸುಳಿದಳು. ಕಾಲು ಹಿಡಿದು ಹೊರಗೆಳೆದು ಮತ್ತೆ ಹೊಡೆದೆ. ಅಡಿಕೋಲು ಮುರಿದ ಸದ್ದಿಗೆ ನಿಂತೆ. ತಲೆಯೆತ್ತಿ ನೋಡಿದರೆ ಅವ್ವ ಬಾಗಿಲಿನಲ್ಲಿ ನಿಂತಿದ್ದಳು. ಅವಳ ತುಟಿಗಳು ಅಲುಗುತ್ತಿದ್ದವು. ಎಣಿಸುತ್ತಿದ್ದಳು.

ನನ್ನ ಕುಪ್ಪಸದ ತೋಳು ಗಿಡ್ಡದ್ದು. ಮಡಿಚಲು ಅದರಲ್ಲಿ ಏನೂ ಇರಲಿಲ್ಲ.

ಸಂಜೆ ಊಟಕ್ಕೆ ಮೂವರೂ ಕುಳಿತೆವು. ನಮ್ಮ ಮನೆಯಲ್ಲಿ ಎಲ್ಲರೂ ಕುಳಿತ ಮೇಲೆಯೇ ತುತ್ತೆತ್ತುವುದು. ಅದೊಂದು ಪದ್ಧತಿ ಮಾತ್ರ ಉಳಿದುಕೊಂಡಿದೆ. ಅವ್ವ ಓರೆಯಾದ ಕೈಯಲ್ಲಿ ಬುಟ್ಟಿ ಹಿಡಿದು, ಎಡಗೈಯಿಂದ ಬಡಿಸಿದಳು. ನಿತ್ಯಾಳ ತಟ್ಟೆಗೆ ಒಂದು, ನುಣುಪಾದ ಮೈ ಮೇಲೆ. ತನಗೊಂದು, ಹಾಗೆಯೇ. ನನ್ನದನ್ನು ಅಂಗೈಯಲ್ಲಿ ಒಂದು ಕ್ಷಣ ನೋಡಿದಳು. ಬೋರಲು ಹಾಕಿದಳು.

ನನಗೆ ಏಳಲು ಆಗಲಿಲ್ಲ. ಮಗುಚಲೂ ಕೈ ಬರಲಿಲ್ಲ. ಅಪ್ಪ ಮಗುಚಿದ್ದ. ಅಂಚು ಮುರಿದು ಬಾಯಿಗಿಟ್ಟೆ, ಅಗಿದೆ. ಅಳು ನಿಂತು ಬಿಕ್ಕು ಮಾತ್ರ ಉಳಿದಿದ್ದ ನಿತ್ಯಾ ನನ್ನ ತಟ್ಟೆಯನ್ನೇ ನೋಡುತ್ತಿದ್ದಳು. ಮಕ್ಕಳಿಗೆ ಇಂಥದ್ದು ಬೇಗ ಕಾಣುತ್ತದೆ.

"ಅಜ್ಜಿ, ಅಮ್ಮಂದು ಯಾಕೆ ಉಲ್ಟಾ ಐತೆ?"

ನಾನು ಅವ್ವನ ಕಡೆ ನೋಡಿದೆ. ಅವಳು ತನ್ನ ರೊಟ್ಟಿಯನ್ನು ಎಡಗೈಯಿಂದ ಮುರಿಯುತ್ತಿದ್ದಳು.

"ಹೇಳು," ಎಂದಳು. "ಈ ಸಲ ಬಾಯಿ ಬಿಟ್ಟು ಹೇಳು."

ಹೇಳಿದೆ. ವಾಕ್ಯಗಳನ್ನು ಮೊದಲು ಮನಸ್ಸಿನಲ್ಲಿ ಬರೆದುಕೊಳ್ಳಲಿಲ್ಲ. ರಾಜ, ಆಳು, ರೊಟ್ಟಿ ಸುಡುವವನು; ಆಮೇಲೆ ತಾತ, ಪಟ್ಟಾ, ಹಲಗೆ, ಅಜ್ಜಿಯ ಕೈ, ಡಾಕ್ಟರಿಗೆ ನಾನು ಹೇಳಿದ ಸುಳ್ಳು. ನಿತ್ಯಾ ಕೊನೆಯವರೆಗೆ ಕೇಳಿದಳು. ನನ್ನ ಕೈಯನ್ನು ನೋಡಿದಳು, ಬೋರಲು ರೊಟ್ಟಿಯನ್ನು ನೋಡಿದಳು. ಬಳಿಕ ತನ್ನ ತಟ್ಟೆಯನ್ನು ಸದ್ದಾಗದಂತೆ ಎತ್ತಿಕೊಂಡು, ನನ್ನಿಂದ ದೂರ, ಅಜ್ಜಿಯ ಆಚೆ ಪಕ್ಕಕ್ಕೆ ಹೋಗಿ ಕುಳಿತಳು.